ಸೋಲು ಅಳೆಯಲು ಒಂದೇ ಕೋಲು: ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್ ಜಾಲತಾಣ ಹೇಗಿದೆ?

ಅಮೆರಿಕದ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎಯಲ್ಲಿ ಯಾರು ದೊಡ್ಡ ಆಟಗಾರ? ಮೈಕೆಲ್ ಜೋರ್ಡನ್ ಆರು ಫೈನಲ್ ಆಡಿ ಆರನ್ನೂ ಗೆದ್ದರು, ಲೆಬ್ರಾನ್ ಜೇಮ್ಸ್ ಹತ್ತರಲ್ಲಿ ಆರು ಸೋತರು. ಮಡಿಕೇರಿಯಿರಲಿ, ಗೋಣಿಕೊಪ್ಪವಿರಲಿ, ಕೋರ್ಟಿನ ಪಕ್ಕದ ವಾದ ಇಲ್ಲಿಗೇ ಮುಗಿದುಹೋಗುತ್ತದೆ. ಕೊಡವ ಕೌಟುಂಬಿಕ ಹಾಕಿಯಲ್ಲಿ ಮೊದಲ ಸುತ್ತಿಗೇ ಸೋತ ಒಕ್ಕ (ಮನೆತನ) ಫೈನಲ್‌ನಲ್ಲಿ ಸೋತ ಒಕ್ಕಕ್ಕಿಂತ ಮೇಲು ಅಂತ ಯಾರಾದರೂ ಹೇಳುತ್ತಾರೆಯೇ? ಎನ್‌ಬಿಎ ವಿಷಯದಲ್ಲಿ ಮಾತ್ರ ಹಾಗೆ ಹೇಳುತ್ತೇವೆ.

ಈ ತಪ್ಪು ಲೆಕ್ಕ ಸರಿಪಡಿಸಲು ಆಟಗಾರರ, ಪಂದ್ಯಗಳ ಅಂಕಿಅಂಶ ಕೊಡುವ ಬ್ಯಾಸ್ಕೆಟ್‌ಬಾಲ್ ರೆಫರೆನ್ಸ್‌ನಷ್ಟು ಒಳ್ಳೆಯ ಸಾಧನ ಇನ್ನೊಂದಿಲ್ಲ, ಅದೂ ಪುಕ್ಕಟೆ. ಆಟಗಾರನ ಪುಟದಲ್ಲಿ ಮೊದಲು ಕಾಣುವುದು ಲೀಗ್ ಹಂತದ ಅಂಕಿಗಳು. ಕೋಷ್ಟಕದ ಮೇಲಿನ 'ಪ್ಲೇಆಫ್ಸ್' (ಲೀಗ್ ನಂತರದ ನಾಕೌಟ್ ಸುತ್ತುಗಳು) ಒತ್ತಬೇಕು. ಜೋರ್ಡನ್ ಸಾಲಿನಲ್ಲಿ 1985, 1986, 1987ರ ಎದುರು 4, 3, 3 ಪಂದ್ಯಗಳು. ಮೂರು ವರ್ಷವೂ ಮೊದಲ ಸುತ್ತಿನಲ್ಲೇ ಔಟ್, ಹತ್ತರಲ್ಲಿ ಗೆದ್ದದ್ದು ಒಂದೇ. 1986ರಲ್ಲಿ ಬೋಸ್ಟನ್ ಎದುರು 63 ಅಂಕ ಹೊಡೆದ ಪಂದ್ಯವೂ 135-131ರಲ್ಲಿ ಸೋಲೇ. ತಂಡ ದುರ್ಬಲವಿತ್ತು ಅನ್ನುತ್ತೇವೆ, ಅದು ನಿಜ ಕೂಡ. ಹಾಗಿದ್ದರೆ ಲೆಬ್ರಾನ್ ಸೋತ 2015ರ ಫೈನಲ್‌ಗೂ ಅದೇ ರಿಯಾಯಿತಿ ಸಲ್ಲಬೇಕು: ಸಹ ಆಟಗಾರರಲ್ಲಿ ಲವ್ ಮೊದಲ ಸುತ್ತಿನಲ್ಲೇ, ಅರ್ವಿಂಗ್ ಫೈನಲ್‌ನ ಮೊದಲ ಪಂದ್ಯದಲ್ಲೇ ಗಾಯಗೊಂಡರು, ಲೆಬ್ರಾನ್ ಸರಾಸರಿ 35.8 ಅಂಕ ಗಳಿಸಿಯೂ ಸೋತರು. ಅವರು ಸೋತ 2011ರ ಫೈನಲ್‌ಗೆ ಮಾತ್ರ ರಿಯಾಯಿತಿ ಬೇಡ. ಸರಾಸರಿ 17.8, ನಾಲ್ಕನೇ ಪಂದ್ಯದಲ್ಲಿ ಬರೀ 8. ಅದು ಅವರದೇ ವೈಫಲ್ಯ.

ತಾಣದ ದೊಡ್ಡ ಕೊರತೆ ಬೇರೆ ಕಡೆ ಇದೆ, ವಾದದ ಬೇರೂ ಅಲ್ಲೇ ಇದೆ. ಪಂದ್ಯದ ಕ್ಷಣಕ್ಷಣದ ವಿವರ ಸಿಗುವುದು 1996-97ರ ಋತುವಿನಿಂದ ಈಚೆಗೆ. 2006ರ ಪ್ಲೇಆಫ್ಸ್ ಸರಣಿಯ ಏಳನೇ ಪಂದ್ಯದಲ್ಲಿ ಫೀನಿಕ್ಸ್ ಎದುರು ಕೋಬಿ ಬ್ರಯಂಟ್ ದ್ವಿತೀಯಾರ್ಧದಲ್ಲಿ ಒಂದೇ ಅಂಕ ಗಳಿಸಿದ್ದು ಬಾಕ್ಸ್ ಸ್ಕೋರಿನಲ್ಲಿ (ಪಂದ್ಯದ ಅಂಕಿಪಟ್ಟಿ) ಅರ್ಧವಾರು ಬಿಡಿಸಿದರೆ ಕಣ್ಣಿಗೆ ಹೊಡೆಯುತ್ತದೆ. 1984ರ ಫೈನಲ್‌ನಲ್ಲಿ ಮ್ಯಾಜಿಕ್ ಜಾನ್ಸನ್ ಕೊನೆಯ ಗಳಿಗೆಗಳಲ್ಲಿ ಎಡವಿದ್ದನ್ನು ಹಾಗೆ ಬಿಡಿಸಿ ನೋಡಲಾಗದು. ಇನ್ನೂ ಹಳಬರಾದ ಜೆರ್ರಿ ವೆಸ್ಟ್ ಕಾಲಕ್ಕಂತೂ ಸ್ಟೀಲ್ (ಚೆಂಡು ಕಸಿಯುವುದು), ಬ್ಲಾಕ್ (ಹೊಡೆತ ತಡೆಯುವುದು) ಎಣಿಸಲು ಶುರುಮಾಡಿದ್ದೇ ಅವರ ಕೊನೆಯ ಋತು 1973-74ರಲ್ಲಿ. ಹೊಸಬರ ತಪ್ಪು ಉಳಿಯುತ್ತದೆ, ಹಳಬರದು ಅಳಿಸಿಹೋಗುತ್ತದೆ. ಖಾಲಿ ಕಾಲಮ್ಮನ್ನು ಸೊನ್ನೆ ಅಂತ ಓದಬೇಡಿ.

ಮೊಬೈಲಿನಲ್ಲಿ ಕೋಷ್ಟಕ ಬಲಕ್ಕೆ ಕತ್ತರಿಸಿಹೋಗುತ್ತದೆ, ಫೋನ್ ಅಡ್ಡ ಹಿಡಿಯಿರಿ. ಜಾಹೀರಾತು ಕಾಟ ಇದೆ. ಆದರೂ ಪುಟದಲ್ಲಿ ಹೆಚ್ಚಿನದು ಅಕ್ಷರ, ಅಂಕಿಗಳೇ ಆದ್ದರಿಂದ ಮಳೆಗಾಲದಲ್ಲಿ ತೋಟದೊಳಗೆ ನೆಟ್‌ವರ್ಕ್ ಕೈಕೊಟ್ಟಾಗ ವಿಡಿಯೊ ನಿಂತರೂ ಇದು ನಿಧಾನಕ್ಕೆ ತೆರೆದುಕೊಳ್ಳುತ್ತದೆ. ಅಂಕಿ ಹುಡುಕಲು ದುಡ್ಡು ಕೊಟ್ಟು ಬಳಸುವ, ಇದೇ ಸಂಸ್ಥೆಯ 'ಸ್ಟ್ಯಾಟ್‌ಹೆಡ್' ಈ ವಾದಕ್ಕೆ ಬೇಕಿಲ್ಲ.