ಮುಳ್ಳೇರಿಯ ದಾರಿಯ ಜೀಪ್ ವರ್ಕ್‌ಶಾಪ್: ಶಾಕಲ್‌ಗೆ ಹೋಗಿ, ಪ್ಲೇಟ್ ಬಡಿಸಲು ಬೇಡ

ಕಾಸರಗೋಡಿನ ಬದಿಯಡ್ಕದಿಂದ ಮುಳ್ಳೇರಿಯದ ಕಡೆ ಹೋಗುವಾಗ ಬೋರ್ಡೇ ಇಲ್ಲದ ಒಂದು ಶೆಡ್ ಉಂಟು. ಒಂದು ಹಳೇ ಲೇತ್, ಕಂಬದ ಡ್ರಿಲ್ಲಿಂಗ್ ಮೆಷಿನ್, ಹೈಡ್ರಾಲಿಕ್ ಪ್ರೆಸ್, ಎರಡು ವೆಲ್ಡಿಂಗ್ ಸೆಟ್. ತೋಟಕ್ಕೆ ಗೊಬ್ಬರ ಹೊರುವ ಜೀಪುಗಳೂ ಆಫ್‌ರೋಡ್ ಹುಚ್ಚಿನವರ ಜೀಪುಗಳೂ ಅಂಗಳದಲ್ಲಿ ಒಂದೇ ಸಾಲಿನಲ್ಲಿ ನಿಂತಿರುತ್ತವೆ. ಪ್ಲೇಟ್ ಅಂದರೆ ಇಲ್ಲಿ ಗಾಡಿಯ ಭಾರ ಹೊರುವ ಲೀಫ್ ಸ್ಪ್ರಿಂಗ್. ಶಾಕಲ್ (ಪ್ಲೇಟಿನ ಒಂದು ತುದಿಯನ್ನು ಚಾಸಿಗೆ ತೂಗುಹಾಕುವ ಜೋಡಿ ಪಟ್ಟಿ), ಹ್ಯಾಂಗರ್ (ಪ್ಲೇಟ್ ಹಿಡಿಯುವ ಚಾಸಿಯ ಬ್ರಾಕೆಟ್), ಸ್ಪ್ರಿಂಗ್ ಪರ್ಚ್ (ಆಕ್ಸಲ್‌ನಲ್ಲಿ ಪ್ಲೇಟ್ ಕೂರುವ ಪೀಠ), ಯು ಬೋಲ್ಟ್ ಪ್ಲೇಟ್ (ಪ್ಲೇಟನ್ನು ಆಕ್ಸಲ್‌ಗೆ ಬಿಗಿಯುವ ಯು ಆಕಾರದ ಬೋಲ್ಟಿನ ತಗಡು), ಶಾಕ್ ಮೌಂಟ್ (ಶಾಕ್ ಅಬ್ಸಾರ್ಬರ್ ಕೂರಿಸುವ ಕೊಂಡಿ) ಇಷ್ಟನ್ನು ಇಲ್ಲಿ ಧೈರ್ಯವಾಗಿ ಮಾಡಿಸಬಹುದು. ಪ್ಲೇಟ್‌ಗೆ ಹೊಸ ಕಮಾನು ಬಡಿಸುವ ಕೆಲಸ ಮಾತ್ರ ಇಲ್ಲಿ ಬೇಡ. ಯಾಕೆಂದು ಕೆಳಗೆ ಹೇಳುತ್ತೇವೆ.

ಮೊದಲು ಯಾವ ಗಾಡಿಗೆ ಅಂತ. ನಾಲ್ಕೂ ಕಡೆ ಪ್ಲೇಟ್ ಇರುವ ಮಹೀಂದ್ರದ ಎಂಎಂ 540, 550, ಹಳೇ ಥಾರ್ ಡಿಐ ಇಂಥವು ಇವರ ಕೈಗೆ ಬಂದ ವಿದ್ಯೆ. ಥಾರ್ ಸಿಆರ್‌ಡಿಇಯ ಹಿಂಭಾಗದ ಕೆಲಸವೂ ಆದೀತು. ಅದರ ಮುಂಭಾಗ ಟಾರ್ಷನ್ ಬಾರ್ (ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಸರಳು), ಅಲ್ಲಿ ಕೈ ಹಾಕಿಸಬೇಡಿ. 2020ರ ಹೊಸ ಥಾರ್, ಜಿಮ್ನಿ ಇವಕ್ಕೆಲ್ಲ ಕಾಯಿಲ್ ಸ್ಪ್ರಿಂಗ್. ಅವುಗಳ ಆರ್ಮ್‌ಗಳನ್ನು ಅಂದಾಜಿನಲ್ಲಿ ಮಾಡಿಸುವ ಜಾಗ ಇದಲ್ಲ.

ಇಲ್ಲಿಯ ಶಾಕಲ್ ನೋಡಿದರೆ ಕೆಲಸ ಗೊತ್ತಿದ್ದವರ ಕೈ ಎಂದು ತಿಳಿಯುತ್ತದೆ. 10 ಮಿ.ಮೀ. ಎಂಎಸ್ (ಮೈಲ್ಡ್ ಸ್ಟೀಲ್) ತಗಡಿನಿಂದ ಎರಡು ಪಟ್ಟಿ ಕತ್ತರಿಸಿ, ಎರಡನ್ನೂ ಒಟ್ಟಿಗೆ ಕ್ಲ್ಯಾಂಪ್ ಮಾಡಿ ಒಂದೇ ಸಲಕ್ಕೆ ತೂತು ಹೊಡೆಯುತ್ತಾರೆ. ಬೇರೆ ಬೇರೆ ಕೊರೆದರೆ ಒಂದೆರಡು ಮಿ.ಮೀ. ವ್ಯತ್ಯಾಸ ಬಂದೇ ಬರುತ್ತದೆ. ಆಗ ಬೋಲ್ಟಿನ ಸುತ್ತ ಕೂರುವ ಬುಷ್ ಓರೆಯಾಗಿ ಕೂತು ಒಂದೇ ಅಂಚಿನಲ್ಲಿ ಸವೆಯುತ್ತದೆ. ನಡುವೆ ಒಂದು ಪೈಪ್ ತುಂಡು ಇಟ್ಟು ಎರಡು ಪಟ್ಟಿಗಳನ್ನು ಬೆಸೆಯುತ್ತಾರೆ, ಇದಿಲ್ಲದ ಉದ್ದ ಶಾಕಲ್ ಇಳಿಜಾರಿನಲ್ಲಿ ಅಡ್ಡಕ್ಕೆ ಆಡುತ್ತದೆ. ಬೋಲ್ಟನ್ನು ಪಟ್ಟಿಗೆ ವೆಲ್ಡ್ ಮಾಡುವ ಕೆಟ್ಟ ಅಭ್ಯಾಸ ಇಲ್ಲ. ಗಟ್ಟಿ ಉಕ್ಕಿನ 10.9 ಗ್ರೇಡ್ ಬೋಲ್ಟನ್ನು ಆರಪಾರ ಹಾಕಿ, ತಾನಾಗಿ ಸಡಿಲಾಗದ ನೈಲಾಕ್ ನಟ್ ಬಿಗಿಯುತ್ತಾರೆ. ಒಂದನ್ನು ಮಾತ್ರ ನೀವೇ ಬಗ್ಗಿ ನೋಡಿ: ಪಟ್ಟಿಯ ತೂತಿನೊಳಗೆ ಬೋಲ್ಟಿನ ನಯವಾದ ಭಾಗವೇ ಕೂತಿರಬೇಕು, ಥ್ರೆಡ್ ಅಲ್ಲ. ಥ್ರೆಡ್ ಕೂತರೆ ತೂತು ಬೇಗ ಮೊಟ್ಟೆಯಾಕಾರಕ್ಕೆ ಬರುತ್ತದೆ. ಗ್ರೀಸ್ ನಿಪ್ಪಲ್ ಬೇಕೆಂದರೆ ಬೋಲ್ಟಿನ ನಡುವೆ ಕೊರೆಯಲೇಬೇಕು, ಅಷ್ಟು ಬಲ ಹೋಯಿತು. ಹಾಗಾಗಿ ಒಂದು ಸೈಜ್ ದಪ್ಪದ ಬೋಲ್ಟ್ ಕೇಳಿ.

ಬುಷ್‌ಗೆ ಲೇತ್‌ನಲ್ಲಿ ನೈಲಾನ್ ಕಡೆದು ಕೊಡುತ್ತಾರೆ. ಅಗ್ಗ, ಗಟ್ಟಿ, ಒಂದೇ ದಿನದಲ್ಲಿ ಕೈಗೆ ಸಿಗುತ್ತದೆ. ಆದರೆ ನೈಲಾನ್ ನೀರು ಕುಡಿಯುವ ವಸ್ತು. ಏಪ್ರಿಲ್‌ನಲ್ಲಿ ಸರಿಯಾಗಿ ಕೂತದ್ದು ಜುಲೈಯ ಮಳೆಯಲ್ಲಿ ಉಬ್ಬಿ ಬೋಲ್ಟನ್ನು ಹಿಡಿದುಕೊಂಡು ಕಿರುಗುಡಲು ಸುರು ಮಾಡುತ್ತದೆ. ಕಡೆಯುವಾಗಲೇ ಸ್ವಲ್ಪ ಸಡಿಲ ಬಿಡಿ ಎಂದು ಹೇಳಬೇಕು. ತೋಟದ ಜೀಪಿಗೆ ನಮ್ಮ ಮತ ಈಗಲೂ ರಬ್ಬರ್ ಬುಷ್‌ಗೇ. ಅದಕ್ಕೂ ಒಂದು ಷರತ್ತು ಉಂಟು. ಜ್ಯಾಕ್ ಮೇಲೆ ಚಕ್ರ ತೂಗುತ್ತಿರುವಾಗ ಶಾಕಲ್ ಬೋಲ್ಟ್ ಬಿಗಿಯಲೇಬಾರದು. ರಬ್ಬರ್ ತಿರುಗುವುದಿಲ್ಲ, ತಿರುಚಿಕೊಳ್ಳುತ್ತದೆ. ತೂಗುವ ಸ್ಥಿತಿಯಲ್ಲಿ ಬಿಗಿದರೆ ನೆಲಕ್ಕೆ ಇಳಿಸಿದ ಕೂಡಲೇ ಅದು ಅರ್ಧ ತಿರುಚಿಕೊಂಡೇ ಇರುತ್ತದೆ, ಒಂದು ಮಳೆಗಾಲ ಕಳೆಯುವುದೂ ಕಷ್ಟ. ಗಾಡಿ ನಾಲ್ಕು ಚಕ್ರದ ಮೇಲೆ ನಿಂತ ಮೇಲೆ ಕೊನೆಯ ಬಿಗಿತ. ರಬ್ಬರಿಗೆ ಗ್ರೀಸ್ ಬೇಡ, ಪಿಯು (ಪಾಲಿಯುರೆಥೇನ್) ಬುಷ್ ಆದರೆ ಸಿಲಿಕೋನ್ ಗ್ರೀಸ್ ಬೇಕು.

ಉದ್ದ ಶಾಕಲ್ ಕೇಳುವವರು ಒಂದು ಲೆಕ್ಕ ತಿಳಿದು ಹೋಗಿ. ಶಾಕಲ್ 2 ಇಂಚು ಉದ್ದ ಮಾಡಿದರೆ ಗಾಡಿ ಏಳುವುದು ಸುಮಾರು 1 ಇಂಚು ಮಾತ್ರ, ಆಕ್ಸಲ್ ಇರುವುದು ಪ್ಲೇಟಿನ ನಡುವಿನಲ್ಲಲ್ಲವೇ. ಆ ಒಂದು ಇಂಚಿಗೆ ತೆರುವ ಬೆಲೆ ಕೋನದಲ್ಲಿ. ಪ್ಲೇಟ್ ಕಣ್ಣಿಂದ (ತುದಿಯ ಸುರುಳಿ ತೂತಿಂದ) ಕಣ್ಣಿಗೆ 900 ಮಿ.ಮೀ. ಎಂದುಕೊಳ್ಳಿ. ಒಂದು ಕಣ್ಣು 50 ಮಿ.ಮೀ. ಕೆಳಗೆ ಹೋದರೆ ಆಕ್ಸಲ್ 3 ಡಿಗ್ರಿಯಷ್ಟು ತಿರುಗುತ್ತದೆ. ಮೂಲ ವಿಲ್ಲೀಸ್ ಜೀಪಿನ ಕಾಲದಿಂದ ಈ ಜೀಪುಗಳಿಗೆ ಬಂದ ಕ್ಯಾಸ್ಟರ್ (ಮುಂದಿನ ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿದ ಕೋನ) ಕೂಡ 3 ಡಿಗ್ರಿಯೇ. ಶಾಕಲ್ ಮುಂದುಗಡೆ ಇರುವ ಜೀಪಾದರೆ ಅಷ್ಟೂ ಕ್ಯಾಸ್ಟರ್ ಹೋಗಿ ಸೊನ್ನೆಗೆ ಬರುತ್ತದೆ. ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸ್ ಬರುವುದಿಲ್ಲ, ನೇರ ರಸ್ತೆಯಲ್ಲೂ ಗಾಡಿ ಅತ್ತಿತ್ತ ಎಳೆಯುತ್ತದೆ. ಶಾಕಲ್ ಹಿಂದುಗಡೆ ಇದ್ದರೆ ಪರಿಣಾಮ ಉಲ್ಟಾ: ಕ್ಯಾಸ್ಟರ್ ಹೆಚ್ಚುತ್ತದೆ, ಮುಂದಿನ ಪಿನಿಯನ್ (ಶಾಫ್ಟ್ ಬಂದು ಸೇರುವ ಆಕ್ಸಲ್ಲಿನ ಗೇರ್) ಮೂತಿ ತಗ್ಗಿ ಶಾಫ್ಟಿನ ಜಾಯಿಂಟ್ ಕೋನ ಕೆಡುತ್ತದೆ.

ಇದಕ್ಕೆ ಈ ಶೆಡ್‌ನಲ್ಲಿ ಓರೆ ಶಿಮ್ (ಪ್ಲೇಟ್ ಮತ್ತು ಪರ್ಚ್ ನಡುವೆ ಇಡುವ ಬೆಣೆ) ಕಡೆದು ಕೊಡುತ್ತಾರೆ. ಅಂಗಡಿಯಲ್ಲಿ ಸಿಗುವ ಅಲ್ಯುಮಿನಿಯಂ ಶಿಮ್ ಒತ್ತಡಕ್ಕೆ ಬಿರಿಯುತ್ತದೆ, ಇವರದ್ದು ಸ್ಟೀಲ್. ಇದು ದೊಡ್ಡ ಪ್ಲಸ್. ಯಾವ ತುದಿ ಯಾವ ಕಡೆ ಎಂಬುದರಲ್ಲಿ ಮಾತ್ರ ನೀವು ಎದುರು ನಿಂತಿರಿ. ಪ್ಲೇಟ್ ಆಕ್ಸಲ್ ಕೆಳಗೆ ಇರುವ ಮೂಲ ಜೋಡಣೆಯಲ್ಲಿ ಕ್ಯಾಸ್ಟರ್ ಮರಳಿ ಬರಬೇಕಾದರೆ ದಪ್ಪ ತುದಿ ಮುಂದಕ್ಕೆ, ಪ್ಲೇಟನ್ನು ಆಕ್ಸಲ್ ಮೇಲೆ ತಂದಿದ್ದರೆ ದಪ್ಪ ತುದಿ ಹಿಂದಕ್ಕೆ. ತಪ್ಪಿ ಹಾಕಿದರೆ ಕಳೆದುಕೊಂಡದ್ದು ಇಮ್ಮಡಿಯಾಗುತ್ತದೆ. ಕ್ಯಾಸ್ಟರ್ ಸರಿ ಮಾಡುವ ಶಿಮ್ ಮುಂದಿನ ಪಿನಿಯನ್ನನ್ನು ತಗ್ಗಿಸುತ್ತದೆ ಎಂಬುದೂ ನೆನಪಿರಲಿ. 4 ಡಿಗ್ರಿಗಿಂತ ಹೆಚ್ಚು ಬೇಕಾಯಿತೆಂದರೆ ಶಿಮ್ ಬಿಟ್ಟು ಆಕ್ಸಲ್ ಹೌಸಿಂಗ್ ತುದಿಯ ನಕಲ್ (ಚಕ್ರ ತಿರುಗುವ ಕೀಲು) ಬಿಡಿಸಿ ತಿರುಗಿಸುವ ಕೆಲಸಕ್ಕೆ ಹೋಗಬೇಕು. ಅದು ಜಿಗ್ (ಅಳತೆ ತಪ್ಪದಂತೆ ಹಿಡಿಯುವ ಚೌಕಟ್ಟು) ಇರುವ ಜಾಗದಲ್ಲಿ. ಇಲ್ಲಿ ಜಿಗ್ ಇಲ್ಲ.

ಈ ಶೆಡ್ಡನ್ನು ಬೇರೆ ಹತ್ತರಿಂದ ಬೇರೆ ಮಾಡುವುದು ಪರ್ಚ್ ಕೆಲಸ. ಪ್ಲೇಟನ್ನು ಆಕ್ಸಲ್ ಮೇಲಕ್ಕೆ ತರುವುದೆಂದರೆ, ಆಕ್ಸಲ್ ಟ್ಯೂಬಿನ ದಪ್ಪ, ಪ್ಲೇಟ್ ಸೆಟ್ಟಿನ ದಪ್ಪ, ಪರ್ಚ್ ಎತ್ತರ ಎಲ್ಲ ಸೇರಿ ಗಾಡಿ ಸುಮಾರು 5 ಇಂಚು ಏಳುತ್ತದೆ. ಅಷ್ಟು ಎದ್ದಾಗ ಹಿಂದಿನ ಪಿನಿಯನ್ ಎಷ್ಟು ಮೇಲೆ ನೋಡಬೇಕೆಂಬುದನ್ನು ಕಾಗದದಲ್ಲಿ ಬರೆದು ವೆಲ್ಡ್ ಮಾಡಲಾಗುವುದಿಲ್ಲ. ಇವರು ಪರ್ಚನ್ನು ಟ್ಯೂಬ್ ಮೇಲೆ ಸಡಿಲವಾಗಿಯೇ ಬಿಟ್ಟು ಯು ಬೋಲ್ಟ್ ಬಿಗಿಯುತ್ತಾರೆ. ಗಾಡಿಯನ್ನು ಪೂರ್ತಿ ಭಾರದೊಂದಿಗೆ ನೆಲಕ್ಕೆ ಇಳಿಸಿ, ಕೋನ ಅಳೆದು ಟ್ಯಾಕ್ (ಚುಕ್ಕೆ ಬೆಸುಗೆ) ಹೊಡೆದು, ಮತ್ತೆ ಬಿಚ್ಚಿ ಹೊರಗೆ ತೆಗೆದು ಫುಲ್ ವೆಲ್ಡ್ ಮಾಡುತ್ತಾರೆ. ಎರಡು ಸಲ ಬಿಚ್ಚುವ ಈ ಉಪದ್ರವಕ್ಕೆ ಹೆಚ್ಚಿನ ಕಡೆ ಯಾರೂ ತಯಾರಿಲ್ಲ. ಎರಡು ತುದಿಗೂ ಸಾಮಾನ್ಯ ಕ್ರಾಸ್ (ಯೂನಿವರ್ಸಲ್ ಜಾಯಿಂಟ್) ಇರುವ ಶಾಫ್ಟ್ ಆದರೆ ಟ್ರಾನ್ಸ್‌ಫರ್ ಕೇಸಿನ (ಮುಂದಕ್ಕೂ ಹಿಂದಕ್ಕೂ ಬಲ ಹಂಚುವ ಗೇರ್ ಪೆಟ್ಟಿಗೆಯ) ತುದಿಯ ಕೋನವೂ ಪಿನಿಯನ್ ತುದಿಯ ಕೋನವೂ ಸಮ ಇರಬೇಕು. ಇಲ್ಲದಿದ್ದರೆ ವೇಗ ಹಿಡಿದಾಗ ಅಡಿಯಿಂದ ನಡುಕ ಏಳುತ್ತದೆ. ಆಮೇಲೆ ಕ್ರಾಸ್ ಬದಲಿಸಿ, ಶಾಫ್ಟ್ ಬ್ಯಾಲೆನ್ಸ್ ಮಾಡಿಸಿ ಪ್ರಯೋಜನ ಇಲ್ಲ.

ವೆಲ್ಡಿಂಗ್ ರಾಡ್ ವಿಷಯ ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಗೇಟು, ಕಿಟಕಿಗೆ ಬಳಸುವ 6013 ರಾಡ್ ಪರ್ಚ್‌ಗೆ ಬೇಡ, 7018 ಬೇಕು. ಇಲ್ಲಿ ಅದನ್ನೇ ಬಳಸುತ್ತಾರೆ. ಆದರೆ 7018ರ ಲೇಪನ ಗಾಳಿಯ ತೇವವನ್ನು ಎಳೆಯುತ್ತದೆ. ನಮ್ಮ ಕಾಸರಗೋಡಿನ ಆಟಿ ತಿಂಗಳ ಮಳೆಯಲ್ಲಿ ಗೋಡೆಯೇ ಬೆವರುವಾಗ ತೆರೆದಿಟ್ಟ ಪ್ಯಾಕೆಟ್ಟಿನ ಗತಿ ಹೇಳಬೇಕೇ? ತೇವದಿಂದ ಬರುವ ಹೈಡ್ರೋಜನ್ ಬೆಸುಗೆಯ ಪಕ್ಕದಲ್ಲಿ ಕೂದಲೆಳೆಯಷ್ಟು ಬಿರುಕು ತರುತ್ತದೆ, ಅದು ಮಾರನೇ ದಿನ ಕಾಣಿಸುವುದೂ ಉಂಟು. ರಾಡನ್ನು 300 ಡಿಗ್ರಿಗೆ ಮೇಲೆ ಒಂದು ಗಂಟೆ ಬೇಯಿಸಿ, ಬಿಸಿ ಇರುವಾಗಲೇ ಬಳಸಬೇಕು. ಶೆಡ್‌ನಲ್ಲಿ ರಾಡ್ ಓವನ್ ಇಲ್ಲ. ಬಲ್ಬ್ ಹಾಕಿದ ಡಬ್ಬಿ ಮಾತ್ರ ಉಂಟು. ಒಣಗಿದ ರಾಡ್ ಒಣಗಿಯೇ ಇರಲು ಅದು ಸಾಕು, ಒದ್ದೆಯಾದದ್ದನ್ನು ಒಣಗಿಸಲು ಸಾಲದು. ಮಳೆಗಾಲದಲ್ಲಿ ಕೆಲಸ ಕೊಡುವುದಾದರೆ ಸೀಲ್ ಒಡೆಯದ ಹೊಸ ಪ್ಯಾಕೆಟ್ ನೀವೇ ತೆಗೆದುಕೊಂಡು ಹೋಗಿ, ಬೇಸರ ಮಾಡುವುದಿಲ್ಲ.

ಟ್ಯೂಬಿಗೆ ಒಂದೇ ಉಸಿರಿಗೆ ಉದ್ದ ಬೆಸುಗೆ ಎಳೆದರೆ ಅದು ಬಾಗುತ್ತದೆ. ಇವರು ಒಂದು ಇಂಚು ಇಲ್ಲಿ, ಒಂದು ಇಂಚು ಎದುರು ಬದಿಯಲ್ಲಿ ಎಂದು ಬಿಟ್ಟು ಬಿಟ್ಟು ಮಾಡುತ್ತಾರೆ, ನಡುವೆ ಕೈ ಇಡುವಷ್ಟು ತಣಿಯಲು ಬಿಡುತ್ತಾರೆ. ಆಕ್ಸಲ್ ಶಾಫ್ಟ್, ಆಯಿಲ್ ಸೀಲ್ ಮೊದಲೇ ಹೊರಗೆ. ಅರ್ತ್ ಕ್ಲ್ಯಾಂಪನ್ನು ಟ್ಯೂಬಿಗೇ, ಬೆಸುಗೆಯ ಹತ್ತಿರವೇ ಕಚ್ಚಿಸುತ್ತಾರೆ. ಡ್ರಮ್ಮಿಗೆ ಕಚ್ಚಿಸಿದರೆ ಕರೆಂಟ್ ಬೇರಿಂಗ್ ಮೂಲಕ ಹರಿದು ಅದರ ಮೈಮೇಲೆ ಸುಟ್ಟ ಚುಕ್ಕೆ ಬೀಳುತ್ತದೆ. ಪ್ಲೇಟ್ ಮೇಲೆ ಕಿಡಿ ಸಿಡಿಯದಂತೆ ಒದ್ದೆ ಗೋಣಿ ಮುಚ್ಚುವುದನ್ನು ಮಾತ್ರ ಆಗಾಗ ಮರೆಯುತ್ತಾರೆ, ನೆನಪಿಸಿ. ಸ್ಪ್ರಿಂಗ್ ಸ್ಟೀಲಿನ ಮೇಲೆ ರಾಡ್ ಒಂದು ಸಲ ತಾಗಿದ ಗುರುತು ಸಾಕು, ಬಿರುಕು ಅಲ್ಲಿಂದಲೇ ಹೊರಡುತ್ತದೆ.

ಯು ಬೋಲ್ಟ್ ಇಲ್ಲಿ ಮಾಡುವುದಿಲ್ಲ, ಹೊರಗಿಂದ ತರಿಸುತ್ತಾರೆ. ಒಳ್ಳೇದೇ ಆಯಿತು. ಕಾಯಿಸಿ ಬಗ್ಗಿಸಿದ, ಡೈ ಹಾಕಿ ಥ್ರೆಡ್ ಕತ್ತರಿಸಿದ ಯು ಬೋಲ್ಟ್‌ಗಿಂತ ರೋಲ್ ಮಾಡಿದ ಥ್ರೆಡ್ಡಿನದ್ದು ಬಾಳಿಕೆ ಬರುತ್ತದೆ. ಹಳೆಯದನ್ನು ಮತ್ತೆ ಬಳಸಲು ಒಪ್ಪಬೇಡಿ, ಒಮ್ಮೆ ಬಿಗಿದು ಎಳೆದದ್ದು ಮತ್ತೆ ಅದೇ ಬಿಗಿತ ಹಿಡಿಯುವುದಿಲ್ಲ. ಓಡಿಸಿ 100 ಕಿ.ಮೀ. ಆದ ಮೇಲೆ ಒಮ್ಮೆ, 500ಕ್ಕೆ ಇನ್ನೊಮ್ಮೆ ಬಿಗಿಯಬೇಕು. ಸೆಂಟರ್ ಬೋಲ್ಟ್ (ಪ್ಲೇಟುಗಳನ್ನು ನಡುವಿನಲ್ಲಿ ಪೋಣಿಸುವ ಬೋಲ್ಟ್) ತುಂಡಾಯಿತು, ದಪ್ಪದ್ದು ಹಾಕಿ ಎಂದು ಬರುವವರು ಇಲ್ಲಿ ತುಂಬ ಜನ. ಹೆಚ್ಚಾಗಿ ತಪ್ಪು ಸೆಂಟರ್ ಬೋಲ್ಟಿನದ್ದಲ್ಲ. ಯು ಬೋಲ್ಟ್ ಸಡಿಲಾದರೆ ಆಕ್ಸಲ್ ಜಾರುವ ಬಲವೆಲ್ಲ ಆ ಬಡಪಾಯಿಯ ತಲೆಗೆ ಬೀಳುತ್ತದೆ. ದಪ್ಪ ಬೋಲ್ಟಿಗೆಂದು ಪ್ಲೇಟಿನ ತೂತು ದೊಡ್ಡದು ಮಾಡಿಸಿದರೆ ಪ್ಲೇಟೇ ನಡುವಿಗೆ ಮುರಿಯುತ್ತದೆ.

ಈಗ ಪ್ಲೇಟ್. ಕಮಾನು ಕುಗ್ಗಿದ ಪ್ಲೇಟನ್ನು ಇಲ್ಲಿ ತಣ್ಣಗೇ ಪ್ರೆಸ್ಸಿನಲ್ಲಿ ಒತ್ತಿ, ಸುತ್ತಿಗೆಯಲ್ಲಿ ಬಡಿದು ಎತ್ತಿ ಕೊಡುತ್ತಾರೆ. ಮನೆಗೆ ಒಯ್ಯುವಾಗ ಚಂದ ಕಾಣುತ್ತದೆ. ಗೊಬ್ಬರದ ಗೋಣಿ ಹೇರಿಕೊಂಡು ಗುಡ್ಡೆ ಹತ್ತಿದ ಕೆಲವು ವಾರಕ್ಕೆ ಮತ್ತೆ ಮೊದಲಿನ ಹಾಗೆ. ಪ್ಲೇಟಿನ ಇಎನ್ 45 ಅಥವಾ ಎಸ್‌ಯುಪಿ 9 ಸ್ಪ್ರಿಂಗ್ ಉಕ್ಕಿಗೆ ಶಕ್ತಿ ಬರುವುದು ಹೀಟ್ ಟ್ರೀಟ್‌ಮೆಂಟಿನಿಂದ: ಸುಮಾರು 900 ಡಿಗ್ರಿಗೆ ಕಾಯಿಸಿ ಎಣ್ಣೆಯಲ್ಲಿ ತಣಿಸಿ, ಮತ್ತೆ 400–500ರಲ್ಲಿ ಹದ ಮಾಡಬೇಕು. ಕುಲುಮೆ ಇಲ್ಲದ ಜಾಗದಲ್ಲಿ ಇದು ಆಗದು. ಗ್ಯಾಸ್ ಕಟ್ಟರಿನಲ್ಲಿ ಕಾಯಿಸಿ ಬಗ್ಗಿಸುವುದು ಇನ್ನೂ ಕೆಟ್ಟದ್ದು, ಕಾದ ಜಾಗ ಒಂದೋ ಮೆತ್ತಗಾಗುತ್ತದೆ, ಇಲ್ಲವೇ ಗಾಜಿನಂತೆ ಸಿಡಿಯುತ್ತದೆ. ಕಮಾನಿನ ಕೆಲಸಕ್ಕೆ ಕುಲುಮೆ ಇಟ್ಟ ಸ್ಪ್ರಿಂಗ್ ಅಂಗಡಿಯನ್ನೇ ಹುಡುಕಿ. ಅಲ್ಲಿಂದ ತಂದ ಸೆಟ್ಟನ್ನು ಇಲ್ಲಿಯ ಪ್ರೆಸ್ಸಿನಲ್ಲಿ ನಾಲ್ಕೈದು ಸಲ ಸಪಾಟಾಗುವ ತನಕ ಒತ್ತಿಸಿ ಎತ್ತರ ಅಳೆಯಿರಿ. ಮೊದಲ ಒತ್ತಿಗೆ ಸ್ವಲ್ಪ ಇಳಿಯುವುದು ಸಹಜ, ಮತ್ತೆಯೂ ಇಳಿಯುತ್ತಲೇ ಇದ್ದರೆ ವಾಪಸ್ ಕೊಡಿ.

ಲಾರಿಯ ಪ್ಲೇಟ್ ಕತ್ತರಿಸಿ ಸೇರಿಸಿ ಎಂದು ಕೇಳಿದರೆ ಇಲ್ಲವೆನ್ನುವುದಿಲ್ಲ. ಕೇಳದಿರುವುದು ನಿಮ್ಮ ಬುದ್ಧಿ. ಪ್ಲೇಟಿನ ಬಿಗುವು, ಅಂದರೆ ಬಾಗದೆ ನಿಲ್ಲುವ ಗುಣ, ದಪ್ಪದ ಘನಕ್ಕೆ ಏರುತ್ತದೆ. 6 ಮಿ.ಮೀ. ಬದಲು ಅದೇ ಅಗಲದ 7 ಹಾಕಿದರೆ ಆ ಒಂದು ಪ್ಲೇಟ್ ಶೇ. 59ರಷ್ಟು ಗಟ್ಟಿ, 8 ಹಾಕಿದರೆ ಇಮ್ಮಡಿಗೂ ಮೇಲೆ. ಖಾಲಿ ಜೀಪು ಮುರಕಲ್ಲಿನ ದಾರಿಯಲ್ಲಿ ಚಕ್ರ ನೆಲಕ್ಕೆ ಊರದೆ ಕುಣಿಯುತ್ತದೆ, ಹಿಡಿತ ಬೇಕಾದಲ್ಲೇ ಸಿಗುವುದಿಲ್ಲ. ತೂಕ ಹೊರಲು ಅದೇ ದಪ್ಪದ ಒಂದು ಪ್ಲೇಟ್ ಹೆಚ್ಚಿಸುವುದೇ ಸರಿ. ಪ್ಲೇಟುಗಳನ್ನು ಒಟ್ಟಿಗೆ ಹಿಡಿಯುವ ರಿಬೌಂಡ್ ಕ್ಲಿಪ್ಪುಗಳನ್ನು ಬಿಸಾಡಲು ಬಿಡಬೇಡಿ, ಅವಿಲ್ಲದಿದ್ದರೆ ಚಕ್ರ ಕೆಳಗೆ ತೂಗುವಾಗ ಇಡೀ ಭಾರ ಮೇನ್ ಲೀಫ್ (ಕಣ್ಣು ಇರುವ ಪಟ್ಟಿ) ಒಂದರ ಮೇಲೆ.

ಶಾಕ್ ಮೌಂಟ್ ಕೆಲಸ ಚೊಕ್ಕ. ಒಂದು ಚಕ್ರವನ್ನು ಎತ್ತಿ ಎದುರಿನದ್ದನ್ನು ತೂಗಿಸಿ ಎರಡೂ ತುದಿಯ ಉದ್ದ ಅಳೆದೇ ಜಾಗ ಗುರುತು ಮಾಡುತ್ತಾರೆ. ಆಕ್ಸಲ್ ಮೇಲೇರಿ ಬಂಪ್ ಸ್ಟಾಪ್ (ತಡೆ ರಬ್ಬರ್) ಮುಟ್ಟುವಾಗ ಶಾಕಿನಲ್ಲಿ ಇನ್ನೂ 20 ಮಿ.ಮೀ. ಆದರೂ ಉಳಿದಿರಬೇಕು. ತೂಗುವ ಕಡೆಯಲ್ಲಿ ಬ್ರೇಕ್ ಹೋಸ್ ಎಳೆದುಕೊಂಡಿದೆಯೇ, ಶಾಫ್ಟಿನ ಸ್ಲಿಪ್ ಜಾಯಿಂಟ್ ಹೊರಗೆ ಬರುವಂತಿದೆಯೇ ಎಂದು ಆಗಲೇ ನೋಡಿಕೊಳ್ಳಿ. ಸ್ಟಿಯರಿಂಗಿನ ಡ್ರ್ಯಾಗ್ ಲಿಂಕ್ ಸರಳು ಓರೆಯಾಗಿ ಬಂಪ್ ಸ್ಟಿಯರ್ (ಚಕ್ರ ಏರಿಳಿದಾಗ ಗಾಡಿ ತಾನಾಗಿ ತಿರುಗುವುದು) ಬರುವುದರ ಬಗ್ಗೆ ಇವರು ತಲೆ ಕೆಡಿಸಿಕೊಳ್ಳುವುದಿಲ್ಲ. 5 ಇಂಚು ಎತ್ತಿದ ಗಾಡಿಗೆ ಇದು ಸಣ್ಣ ವಿಷಯವಲ್ಲ. ಹಿಂದಿನ ಆಕ್ಸಲ್ ತಿರುಚಿ ಪ್ಲೇಟ್ ಎಸ್ ಆಕಾರಕ್ಕೆ ಬಾಗದಂತೆ ಟ್ರ್ಯಾಕ್ಷನ್ ಬಾರ್ ಬೇಕೆಂದೂ ನೀವೇ ಬಾಯಿಬಿಟ್ಟು ಹೇಳಬೇಕು.

ಕಾನೂನು ಇವರ ಲೆಕ್ಕಕ್ಕೆ ಇಲ್ಲ, ನಿಮ್ಮ ಲೆಕ್ಕಕ್ಕೆ ಇರಲಿ. ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ತಯಾರಕರ ಮೂಲ ವಿವರಣೆಗೆ ವಿರುದ್ಧವಾಗಿ ಗಾಡಿ ಬದಲಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಮಾಲೀಕರಿಗೆ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳ ವರೆಗೆ ಜೈಲು, ಇಲ್ಲವೇ ಎರಡೂ ಎಂದಾಯಿತು. ಸವೆದ ಶಾಕಲ್ಲನ್ನು ಅದೇ ಅಳತೆಯಲ್ಲಿ ಮಾಡಿಸುವುದು ಬೇರೆ, 5 ಇಂಚು ಎತ್ತಿ ಕಾಸರಗೋಡಿನ ಕೆಎಲ್ 14 ನಂಬರಿನಲ್ಲಿ ಹೆದ್ದಾರಿಗೆ ಇಳಿಯುವುದು ಬೇರೆ.

ಹೋಗುವಾಗ ಅಳತೆಯನ್ನು ಮಿ.ಮೀ.ಯಲ್ಲಿ ಬರೆದು ಒಯ್ಯಿರಿ, ಬಾಯಿಮಾತಿನ 3 ನೂಲು (ಒಂದು ನೂಲು ಅಂದರೆ ಇಂಚಿನ ಎಂಟನೇ ಒಂದು) 9.5 ಆಗಿ ಬರುತ್ತದೆ, 10 ಅಲ್ಲ. ರೇಟ್ ಮೊದಲೇ ಮಾತಾಡಿ: ಶೀಟಿಗೆ ಕಿಲೋ ಲೆಕ್ಕ, ಲೇತ್ ಕೆಲಸಕ್ಕೆ ಬೇರೆ, ಬಿಚ್ಚಿ ಜೋಡಿಸುವುದಕ್ಕೆ ಬೇರೆ. ಬಿಲ್ ಕೇಳಿದರೆ ಸಿಗರೇಟ್ ಪ್ಯಾಕಿನ ಹಿಂಬದಿಯಲ್ಲಿ ಬರೆದು ಕೊಡುತ್ತಾರೆ. ಹೇಳಿದ ದಿನಕ್ಕೆ ಕೆಲಸ ಮುಗಿಯುವುದಿಲ್ಲ. ಪೇಂಟ್ ಎಂದರೆ ಒಂದು ಕೋಟ್ ರೆಡ್ ಆಕ್ಸೈಡ್, ಅದೂ ಬೆಸುಗೆಯ ಕಿಟ್ಟ ಸರಿಯಾಗಿ ಕೆರೆಯದೆ. ಕುಂಬಳೆ, ಉಪ್ಪಳದ ಕಡಲ ಬದಿಯವರಾದರೆ ಬಣ್ಣ ಬಳಿಯದೆಯೇ ತಂದು, ಕಿಟ್ಟ ತೆಗೆದು ಎಪಾಕ್ಸಿ ಪ್ರೈಮರ್ ಹೊಡೆಸಿ, ಹೊರಗೆ ಉಳಿದ ಥ್ರೆಡ್ಡಿಗೆಲ್ಲ ಗ್ರೀಸ್ ಹಚ್ಚಿ.