ಕೋಡ್ ಒಂದನ್ನೇ ನಂಬಿ ಇಸಿಯು (ಇಂಜಿನ್‌ನ ಕಂಪ್ಯೂಟರ್) ಹಾಕಿಸಬೇಡಿ

ಫ್ಯುಯಲ್ ಇಂಜೆಕ್ಷನ್ ಔಟ್‌ಬೋರ್ಡ್ (ಬೋಟಿನ ಹಿಂದೆ ಕಟ್ಟುವ ಇಂಜಿನ್) ಇಟ್ಟುಕೊಂಡವರು ಬಿಲ್ ಕಟ್ಟುವ ಮೊದಲು ಇದನ್ನು ಓದಿ. ಮಲ್ಪೆಯಲ್ಲಿ ಪ್ರವಾಸಿಗರನ್ನು ಕರೆದೊಯ್ಯುವ ನಮ್ಮ ಬೋಟಿನ ಇಂಜಿನ್ ಮಳೆಗಾಲ ಮುಗಿದ ಮೇಲೆ ತಕರಾರು ಶುರು ಮಾಡಿತು. ಸ್ಟಾರ್ಟ್ ಆಗುತ್ತದೆ, ಐಡಲ್‌ನಲ್ಲಿ ಚೆನ್ನಾಗಿಯೇ ಇರುತ್ತದೆ, ಅಳಿವೆ ದಾಟಿ ಥ್ರಾಟಲ್ ಕೊಟ್ಟರೆ ಮಾತ್ರ 3000 ಆರ್‌ಪಿಎಂ ಮೇಲೆ ಏರುವುದಿಲ್ಲ.

ಮೆಕ್ಯಾನಿಕ್ ಬಂದು ಲ್ಯಾಪ್‌ಟಾಪ್ ಸಿಕ್ಕಿಸಿದ. ಇಸಿಯು ದಾಖಲಿಸಿಟ್ಟ ಹಳೆಯ ದೋಷದ ಕೋಡುಗಳಲ್ಲಿ ಇನ್‌ಟೇಕ್ ಪ್ರೆಷರ್ ಸೆನ್ಸರ್ (ಒಳಗೆ ಹೋಗುವ ಗಾಳಿಯ ಒತ್ತಡ ಅಳೆಯುವುದು) ಹೆಸರಿತ್ತು, ಅದನ್ನು ಬದಲಿಸಿ ಎಲ್ಲ ಕೋಡ್ ಅಳಿಸಿದ. ಇಂಜಿನ್ ಹಾಗೇ ಇತ್ತು. ಮತ್ತೆ ಸಿಕ್ಕಿಸಿದರೆ ಕೋಡೇ ಇಲ್ಲ. 'ಹಾಗಾದ್ರೆ ಇಸಿಯುನೇ ಹೋಗಿದೆ ಮಾರಾಯ್ರೆ' ಅಂದ! ಕೋಡ್ ಇದ್ದರೆ ಸೆನ್ಸರ್, ಇಲ್ಲದಿದ್ದರೆ ಇಸಿಯು, ಎರಡೂ ಕಡೆಯಿಂದ ನಮ್ಮ ಜೇಬಿಗೇ ಕತ್ತರಿ. ಅದನ್ನೂ ಹಾಕಿಸಿದೆವು, ಬಿಲ್ ಲಕ್ಷ ದಾಟಿತು, ಹೊಸ ಕರೆಂಟಿನ ಸಾಮಾನನ್ನು ಅಂಗಡಿಯವರು ವಾಪಸ್ ತೆಗೆದುಕೊಳ್ಳುವುದಿಲ್ಲವಂತೆ, ಇಂಜಿನ್ ಅದೇ 3000.

ವಿಷಯ ಏನಂದ್ರೆ, ಬಹಳಷ್ಟು ಔಟ್‌ಬೋರ್ಡ್‌ಗಳಲ್ಲಿ ಪೆಟ್ರೋಲ್ ಪ್ರೆಷರ್ ಅಳೆಯುವ ಸೆನ್ಸರೇ ಇರುವುದಿಲ್ಲ. ಪ್ರೆಷರ್ ಬಿದ್ದರೂ ಇಸಿಯುಗೆ ಗೊತ್ತಾಗುವುದಿಲ್ಲ, ತನ್ನ ಲೆಕ್ಕದಂತೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ತೆರೆಯುತ್ತಲೇ ಇರುತ್ತದೆ, ಇನ್ನು ಕೋಡ್ ಎಲ್ಲಿಂದ ಬರಬೇಕು? ಹಳೆಯ ಕೋಡನ್ನೂ ಹಾಗೇ ನಂಬಬೇಡಿ. ಕೀ ಆನ್ ಇದ್ದಾಗ ಯಾರೋ ಸೆನ್ಸರಿನ ಪ್ಲಗ್ ತೆಗೆದಿದ್ದರೂ ಸಾಕು, ಅದು ಒಳಗೆ ಉಳಿದಿರುತ್ತದೆ.

ಕೊನೆಗೆ ಗಂಗೊಳ್ಳಿಯಿಂದ ಬಂದ ಹಿರಿಯರೊಬ್ಬರು ಲ್ಯಾಪ್‌ಟಾಪ್ ತೆರೆಯಲೇ ಇಲ್ಲ. ಓಡುವಾಗ ಪ್ರೈಮರ್ ಬಲ್ಬ್ (ಪೆಟ್ರೋಲ್ ಪೈಪಿನಲ್ಲಿರುವ, ಕೈಯಿಂದ ಒತ್ತುವ ರಬ್ಬರ್ ಪಂಪ್) ಒತ್ತಿಸಿದರು, ವೇಗ ಏರಲಿಲ್ಲ. ತೊಂದರೆ ಬಲ್ಬಿನಿಂದ ಮುಂದೆ, ಇಂಜಿನ್ ಕಡೆಗೆ ಅಂತಾಯಿತು. ಇಂಜೆಕ್ಟರ್‌ಗಳಿಗೆ ಪೆಟ್ರೋಲ್ ಹಂಚುವ ಫ್ಯುಯಲ್ ರೈಲಿಗೆ ಪ್ರೆಷರ್ ಗೇಜ್ ಹಾಕಿದರು. ಐಡಲ್‌ನಲ್ಲಿ ಮುಳ್ಳು 40 ಪಿಎಸ್‌ಐ (ಒತ್ತಡದ ಅಳತೆ) ದಾಟಿ ನಿಂತಿತ್ತು, ಲೋಡ್ ಬಿದ್ದೊಡನೆ 20ರ ಹತ್ತಿರ ಜಾರಿತು. ವೇಪರ್ ಸೆಪರೇಟರ್ ಟ್ಯಾಂಕ್ (ಇಂಜಿನ್ ಮೇಲಿನ ಸಣ್ಣ ಪೆಟ್ರೋಲ್ ಟ್ಯಾಂಕ್) ಬಿಚ್ಚಿದರೆ ಪಂಪಿನ ಜಾಳಿಗೆಗೆ ಕಂದು ಲೋಳೆ ಮೆತ್ತಿಕೊಂಡಿತ್ತು, ತಳದಲ್ಲಿ ಬಿಳಿ ಪುಡಿ. ಲೋಡಿನಲ್ಲಿ ಬೇಕಾದಷ್ಟು ಪೆಟ್ರೋಲ್ ಪಂಪಿಗೆ ಸಿಗುತ್ತಿರಲಿಲ್ಲ. ದೊಡ್ಡ ಟ್ಯಾಂಕಿನ ತಳದ ಪೆಟ್ರೋಲನ್ನು ಗಾಜಿನ ಬಾಟಲಿಗೆ ಹಾಕಿಟ್ಟರೆ ಎರಡು ಪದರ.

ಈಗ ಬಂಕಿನಲ್ಲಿ ಸಿಗುವುದು 20% ಎಥನಾಲ್ ಬೆರೆತ ಪೆಟ್ರೋಲ್ ಅಲ್ವಾ. ಎಥನಾಲ್ ನೀರು ಹೀರುತ್ತದೆ. ಜೂನ್, ಜುಲೈನಲ್ಲಿ ಬೋಟು ಸುಮ್ನೆ ನಿಂತಾಗ ನೀರು ಜಾಸ್ತಿಯಾದರೆ ಎಥನಾಲ್, ನೀರು ಎರಡೂ ಸೇರಿ ತಳಕ್ಕಿಳಿಯುತ್ತವೆ, ಇಂಜಿನ್‌ಗೆ ಹೋಗುವ ಪೈಪಿನ ಬಾಯಿ ಇರುವುದೂ ಅಲ್ಲೇ.

ಯಾರಾದರೂ ಇಸಿಯು ಹೋಗಿದೆ ಅಂದರೆ, ಲೋಡಿನಲ್ಲಿ ಗೇಜ್ ಎಷ್ಟು ತೋರಿಸಿತು ಅಂತ ಮೊದಲು ಕೇಳಿ. ಅಳಿಸುವ ಮೊದಲು ಕೋಡಿನ ಫೋಟೋ ತೆಗೆದುಕೊಳ್ಳಿ, ಹಳೆಯದೋ ಈಗಿನದೋ ಅಂತ ನೋಡಿ. ಬದಲಿಸಿ ತೆಗೆದ ಹಳೆಯ ಸಾಮಾನನ್ನು ಮೆಕ್ಯಾನಿಕ್‌ನಿಂದ ವಾಪಸ್ ಪಡೆಯಿರಿ. ಗೇಜ್ ಹಾಕುವ ಮುಂಚೆ ರೈಲಿನ ಪ್ರೆಷರ್ ಇಳಿಸಬೇಕು, ಇಲ್ಲದಿದ್ದರೆ ಪೆಟ್ರೋಲ್ ಚಿಮ್ಮುತ್ತದೆ. ಬೀಡಿ ಸೇದುವವರನ್ನು ಬೋಟಿನಿಂದ ಇಳಿಸಿಯೇ ಶುರು ಮಾಡಿ.