ಒಂದೇ ಡೇರಿ ಲೆಕ್ಕ, ಮೂರು ವಿನ್ಯಾಸ: ಫ್ಲೋಚಾರ್ಟ್, ಪೆಟ್ಟಿಗೆ ನಕ್ಷೆ ಮತ್ತು ನಿರ್ಧಾರ ಕೋಷ್ಟಕ

ಊರಿನ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಡಲು ಒಪ್ಪಿಕೊಂಡಾಗ, ಕೋಡ್‌ಗೆ ಕೈಹಾಕುವ ಮೊದಲು ಅದರ ವಿನ್ಯಾಸವನ್ನು ಮೂರು ಬಗೆಯಲ್ಲಿ ಬರೆದು ನೋಡಿದೆ. ಕೇಳುವುದಕ್ಕೆ ಕೆಲಸ ಸರಳವಾಗಿತ್ತು. ಸದಸ್ಯರು ತಂದ ಹಾಲನ್ನು ಅಳೆಯಬೇಕು, ಫ್ಯಾಟ್ (ಕೊಬ್ಬಿನಂಶ) ಮತ್ತು ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ನೋಡಿ ದರ ಕಟ್ಟಬೇಕು, ಪಾಸ್‌ಪುಸ್ತಕಕ್ಕೆ ಬರೆಯಬೇಕು. ಫ್ಯಾಟ್ ಶೇ. 3.5, ಎಸ್‌ಎನ್‌ಎಫ್ ಶೇ. 8.5 ಇದ್ದರೆ ಸಾಕು ಎಂಬುದು ನನಗೆ ಹೇಳಿದ್ದ ಅಳತೆ.

ಮೂರಕ್ಕೂ ಮೊದಲು ಡೇಟಾ ಫ್ಲೋ ನಕ್ಷೆಯೊಂದನ್ನು ಬರೆದಿದ್ದೆ. ಅದನ್ನು ಸ್ಪರ್ಧೆಗೆ ಸೇರಿಸುವುದು ಸರಿಯಲ್ಲ, ಏಕೆಂದರೆ ಅದು ವಿಶ್ಲೇಷಣೆಯ ಹಂತದ ಸಾಧನ: ಯಾವ ಮಾಹಿತಿ ಎಲ್ಲಿಂದ ಹೊರಟು ಎಲ್ಲಿ ಸಂಗ್ರಹವಾಗುತ್ತದೆ ಎಂಬುದನ್ನಷ್ಟೇ ತೋರಿಸುತ್ತದೆ, ಯಾವುದು ಮೊದಲು ಯಾವುದು ನಂತರ ಎಂಬುದನ್ನು ಹೇಳುವುದಿಲ್ಲ. ಆದರೂ ಸಂಘದ ಕಾರ್ಯದರ್ಶಿಯವರು ಅದನ್ನು ಒಮ್ಮೆ ನೋಡಿ, "ಪಶು ಆಹಾರದ ಉದ್ದರಿ ಎಲ್ಲಿ ಸಾರ್?" ಎಂದು ಕೇಳಿದರು. ನಾನು ಅದನ್ನು ಪೂರ್ತಿ ಮರೆತಿದ್ದೆ.

ಕೆಲಸದ ಹೆಜ್ಜೆಗಳನ್ನು ಪೆಟ್ಟಿಗೆ ಮತ್ತು ಬಾಣಗಳಿಂದ ತೋರಿಸುವ ಫ್ಲೋಚಾರ್ಟ್ ಬರೆಯಲು ಅರ್ಧ ಗಂಟೆಯೂ ಹಿಡಿಯಲಿಲ್ಲ. ಗೋಲ್ಡ್‌ಸ್ಟೈನ್ ಮತ್ತು ಫಾನ್ ನಾಯ್ಮನ್ 1940ರ ದಶಕದಲ್ಲೇ ಪ್ರೋಗ್ರಾಂ ಯೋಜನೆಗೆ ಬಳಸಿದ ಈ ವಿಧಾನವನ್ನು ಕಂಪ್ಯೂಟರ್ ಕಲಿಯದವರೂ ಬೆರಳಿಟ್ಟು ಓದಬಲ್ಲರು. ದೋಷ ನುಸುಳಿದ್ದು ಮರುಪರೀಕ್ಷೆಯ ಜಾಗದಲ್ಲಿ. ಯಂತ್ರದ ಅಂಕಿಯ ಮೇಲೆ ಅನುಮಾನ ಬಂದರೆ ಮತ್ತೊಮ್ಮೆ ಪರೀಕ್ಷಿಸುವ ರೂಢಿ ಅಲ್ಲಿದೆ. ಆ ಬಾಣವನ್ನು ಪರೀಕ್ಷೆಯ ಪೆಟ್ಟಿಗೆಗೆ ಒಯ್ಯುವ ಬದಲು, ಹಾಳೆಯಲ್ಲಿ ಜಾಗ ಇದ್ದ ಬದಿಯಿಂದ ಎಳೆದು ಅಳತೆಯ ಪೆಟ್ಟಿಗೆಗೆ ಸೇರಿಸಿಬಿಟ್ಟೆ. ದಿನದ ಮೊತ್ತಕ್ಕೆ ಲೀಟರ್ ಕೂಡುವ ಕೆಲಸವೂ ಅದೇ ದಾರಿಯಲ್ಲಿದ್ದುದರಿಂದ, ಪರೀಕ್ಷೆ ಎರಡು ಸಲ ನಡೆದರೆ 6 ಲೀಟರ್ ಹಾಲು 12 ಲೀಟರ್ ಆಗುತ್ತಿತ್ತು. ನಕ್ಷೆಯನ್ನು ಎರಡು ಬಾರಿ ಓದಿದರೂ ಇದು ಕಣ್ಣಿಗೆ ಬೀಳಲಿಲ್ಲ, ಏಕೆಂದರೆ ಬಾಣ ಎಲ್ಲಿಗೆ ಬೇಕಾದರೂ ಹೋಗಬಹುದಾದ ಚಿತ್ರದಲ್ಲಿ ತಪ್ಪು ಬಾಣವೂ ಸರಿಯಾದ ಬಾಣದಂತೆಯೇ ಕಾಣುತ್ತದೆ. ಡೈಕ್‌ಸ್ಟ್ರಾ 1968ರಲ್ಲಿ ಪ್ರೋಗ್ರಾಂ ಅನ್ನು ಬೇಕಾದ ಸಾಲಿಗೆ ಜಿಗಿಸುವ ಗೋಟು (goto) ಆಜ್ಞೆಯ ಬಗ್ಗೆ ತೆಗೆದ ತಕರಾರು ಇದೇ ಜಾತಿಯದು.

ಐಸಾಕ್ ನಾಸಿ ಮತ್ತು ಬೆನ್ ಶ್ನೈಡರ್‌ಮನ್ 1973ರಲ್ಲಿ ಪ್ರಕಟಿಸಿದ ಪೆಟ್ಟಿಗೆ ನಕ್ಷೆಯಲ್ಲಿ ಬಾಣಗಳೇ ಇಲ್ಲ. ಒಂದು ದೊಡ್ಡ ಪೆಟ್ಟಿಗೆಯೊಳಗೆ ಸಣ್ಣ ಪೆಟ್ಟಿಗೆಗಳು ಕೂರುತ್ತವೆ. ಅನುಕ್ರಮ, ಆಯ್ಕೆ, ಪುನರಾವರ್ತನೆ ಎಂಬ ಮೂರೇ ರಚನೆಗಳಿಂದ ಯಾವ ನಿಯಂತ್ರಣ ಹರಿವನ್ನಾದರೂ (ಹೆಜ್ಜೆಗಳು ನಡೆಯುವ ಕ್ರಮವನ್ನು) ಕಟ್ಟಬಹುದೆಂದು ಬೋಮ್ ಮತ್ತು ಯಾಕೋಪಿನಿ 1966ರಲ್ಲಿ ತೋರಿಸಿಕೊಟ್ಟಿದ್ದರು. ಈ ನಕ್ಷೆ ಅಷ್ಟಕ್ಕೇ ಅವಕಾಶ ಕೊಡುತ್ತದೆ. ಮರುಪರೀಕ್ಷೆಯನ್ನು "ಅಂಕಿ ಒಪ್ಪಿಗೆಯಾಗುವವರೆಗೆ" ಎಂಬ ಷರತ್ತಿನ ಪೆಟ್ಟಿಗೆಯಾಗಿ ಬರೆದ ಕೂಡಲೇ, ಲೀಟರ್ ಕೂಡುವ ಸಾಲು ಅದರ ಒಳಗಿರಬೇಕೋ ಹೊರಗಿರಬೇಕೋ ಎಂಬ ಪ್ರಶ್ನೆ ತಾನಾಗಿಯೇ ಎದುರಿಗೆ ಬಂದು ನಿಂತಿತು. ಆದರೆ ಇದರ ಜೊತೆ ಸಂಸಾರ ಮಾಡುವುದು ಕಷ್ಟ. ಒಂದು ಷರತ್ತು ಸೇರಿಸಿದರೆ ಇಡೀ ನಕ್ಷೆಯನ್ನು ಹೊಸ ಹಾಳೆಯಲ್ಲಿ ಬರೆಯಬೇಕು. ಮೂರನೆಯ ಹಂತದ ಆಯ್ಕೆಗೆ ಇಳಿಯುವಷ್ಟರಲ್ಲಿ ಪೆಟ್ಟಿಗೆ ಎಷ್ಟು ಕಿರಿದಾಗಿರುತ್ತದೆಂದರೆ "ತಿರಸ್ಕರಿಸು" ಎಂಬ ಪದವನ್ನು ಎರಡು ಸಾಲಿಗೆ ಒಡೆಯಬೇಕಾಯಿತು. ನಾಲ್ಕನೆಯ ಸಲ ಬರೆದ ಮೇಲೆ ಕೈಬಿಟ್ಟೆ.

ನಿರ್ಧಾರ ಕೋಷ್ಟಕದಿಂದ ನಾನು ಹೆಚ್ಚೇನೂ ನಿರೀಕ್ಷಿಸಿರಲಿಲ್ಲ. ಉತ್ತರಗಳ ಪ್ರತಿ ಜೋಡಣೆಗೂ ಒಂದು ಕಂಬಸಾಲು, ಅದರ ಕೆಳಗೆ ಮಾಡಬೇಕಾದ ಕೆಲಸ, ಅಷ್ಟೇ ಅದರ ರೂಪ. ಹಾಲು ಒಡೆದಿಲ್ಲವೇ, ಫ್ಯಾಟ್ ಸಾಕಷ್ಟಿದೆಯೇ, ಎಸ್‌ಎನ್‌ಎಫ್ ಸಾಕಷ್ಟಿದೆಯೇ ಎಂಬ ಮೂರು ಪ್ರಶ್ನೆಗಳಿಗೆ ಹೌದು–ಇಲ್ಲ ಉತ್ತರಗಳ ಎಂಟು ಕಂಬಸಾಲುಗಳು ಬರುತ್ತವೆ. ಹಾಲು ಒಡೆದಿದ್ದರೆ ಉಳಿದದ್ದನ್ನು ನೋಡುವ ಅಗತ್ಯವಿಲ್ಲದ್ದರಿಂದ ನಾಲ್ಕು ಸಾಲುಗಳು ಒಂದಾಗಿ, ಒಟ್ಟು ಐದು ಉಳಿದವು. ಅವುಗಳಲ್ಲಿ ಒಂದರ ಕೆಳಗೆ ಬರೆಯಲು ನನ್ನ ಬಳಿ ಏನೂ ಇರಲಿಲ್ಲ: ಫ್ಯಾಟ್ ಸರಿಯಿದೆ, ಎಸ್‌ಎನ್‌ಎಫ್ ಕಡಿಮೆಯಿದೆ. ನನ್ನ ಫ್ಲೋಚಾರ್ಟ್‌ನಲ್ಲಿ ಈ ಹಾಲಿಗೆ ಸದ್ದಿಲ್ಲದೆ ಪೂರ್ತಿ ದರ ಸಿಗುತ್ತಿತ್ತು. ಕಾರ್ಯದರ್ಶಿಯವರನ್ನು ಕೇಳಿದರೆ, "ಅದನ್ನ ಬೇರೆ ಬರ್ದಿಡ್ತೀವಿ ಸಾರ್, ಅಧ್ಯಕ್ಷರು ಬಂದ್ಮೇಲೆ ಹೇಳ್ತಾರೆ" ಎಂದರು. ಬಾಯಿಮಾತಿನ ಆ ನಿಯಮ ಖಾಲಿ ಸಾಲೊಂದು ಕಾಣುವವರೆಗೆ ಯಾರ ನೆನಪಿಗೂ ಬಂದಿರಲಿಲ್ಲ.

ಕೋಷ್ಟಕಕ್ಕೂ ಮಿತಿಯಿದೆ. ಅದು ಕ್ರಮವನ್ನಾಗಲಿ ಪುನರಾವರ್ತನೆಯನ್ನಾಗಲಿ ಹೇಳಲಾರದು, ಹಾಗಾಗಿ ಮರುಪರೀಕ್ಷೆಗೆ ಅದರಲ್ಲಿ ಜಾಗವೇ ಇಲ್ಲ. ಷರತ್ತುಗಳು ಹೆಚ್ಚಿದರೆ ಸಾಲುಗಳು ಇಮ್ಮಡಿಯಾಗುತ್ತಾ ಹೋಗುತ್ತವೆ; ಉದ್ದರಿ ಬಾಕಿಯನ್ನು ನಾಲ್ಕನೆಯ ಪ್ರಶ್ನೆಯಾಗಿ ಸೇರಿಸಿದಾಗ, ಒಂದಾಗಿಸುವ ಮೊದಲಿನ ಎಂಟು ಸಾಲುಗಳು 16 ಆದವು. ಆದರೆ ಆ ಉಬ್ಬರವೇ ನನಗೆ ಒಂದು ಸುಳಿವಾಯಿತು: ಬಾಕಿ ಮುರಿದುಕೊಳ್ಳುವುದು ದರ ಕಟ್ಟುವ ಕೆಲಸದ ಭಾಗವೇ ಅಲ್ಲ, ಬಟವಾಡೆಯ ದಿನದ ಕೆಲಸ. ಸ್ಟೀವನ್ಸ್, ಮೈಯರ್ಸ್ ಮತ್ತು ಕಾನ್‌ಸ್ಟಂಟೈನ್ 1974ರ ತಮ್ಮ ಲೇಖನದಲ್ಲಿ ಒತ್ತಿ ಹೇಳಿದ್ದು, ಒಂದು ಮಾಡ್ಯೂಲ್‌ನ (ಪ್ರೋಗ್ರಾಂನ ಬಿಡಿಭಾಗದ) ಒಳಗಿನ ಕೆಲಸಗಳು ಒಂದಕ್ಕೊಂದು ಬಿಗಿಯಾಗಿ ಸಂಬಂಧಿಸಿರಬೇಕು, ಮಾಡ್ಯೂಲ್‌ಗಳ ನಡುವಿನ ಅವಲಂಬನೆ ಮಾತ್ರ ಕಡಿಮೆಯಿರಬೇಕು ಎಂದು. ಬಾಕಿಯನ್ನು ಬೇರೆ ಮಾಡ್ಯೂಲ್‌ಗೆ ಕಳಿಸಿದ ಮೇಲೆ ಕೋಷ್ಟಕ ಮತ್ತೆ ಐದು ಸಾಲಿಗೆ ಇಳಿಯಿತು.

ಕೊನೆಗೆ ದರದ ನಿಯಮಗಳನ್ನು ಕೋಷ್ಟಕದಿಂದ ನೇರವಾಗಿ ಕೋಡ್‌ಗೆ ಇಳಿಸಿದೆ. ಅಳತೆ, ಪರೀಕ್ಷೆ, ಮರುಪರೀಕ್ಷೆಗಳ ಸರಣಿಗೆ ಪೆಟ್ಟಿಗೆ ನಕ್ಷೆಯ ಶಿಸ್ತನ್ನಷ್ಟೇ ಉಳಿಸಿಕೊಂಡು, ಒಳಸರಿಸಿದ ಸಾಲುಗಳಲ್ಲಿ ಕನ್ನಡದಲ್ಲೇ ಸೂಡೋಕೋಡ್, ಅಂದರೆ ಆಡುಮಾತಿನಲ್ಲಿ ಬರೆದ ಕೋಡ್‌ನ ಕರಡು, ಬರೆದುಕೊಂಡೆ. ತಿದ್ದಲು ರಬ್ಬರ್ ಸಾಕಾಯಿತು. ಫ್ಲೋಚಾರ್ಟ್ ಅನ್ನು ಕೋಡ್ ಬರೆಯುವುದಕ್ಕೆ ಬಳಸಲಿಲ್ಲ. ಬಾಣ ಸರಿಪಡಿಸಿದ ಅದರ ಒಂದು ಪ್ರತಿ ಈಗ ಡೇರಿಯ ಗೋಡೆಯ ಮೇಲಿದೆ, ಹೊಸದಾಗಿ ಸೇರಿದ ಹಾಲು ಪರೀಕ್ಷಕರಿಗೆ ಕಾರ್ಯದರ್ಶಿಯವರು ಅದನ್ನೇ ತೋರಿಸಿ ಕೆಲಸ ಹೇಳಿಕೊಡುತ್ತಾರೆ.